ಖಡ್ಗದ ಮೇಲೆ ಕೆತ್ತದ ಹೆಸರು

ಲಿಂಗದಹಳ್ಳಿಯನ್ನು ದಾಟಿ ಕೆಮ್ಮಣ್ಣುಗುಂಡಿಯ ಬೆಟ್ಟವನ್ನೇರುವವರ ಕಾಲಿಗೆ ಅಂಟುವ ಕೆಂಪು ಕಬ್ಬಿಣದ್ದು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಾರ್ಖಾನೆಗೆ ಬಹುಕಾಲ ಅದಿರು ಹೋದದ್ದು ಈ ಬೆಟ್ಟದಿಂದಲೇ. ಗುಳವಾಗಬೇಕೋ ಖಡ್ಗವಾಗಬೇಕೋ ಎಂಬುದನ್ನು ಅದಿರು ತೀರ್ಮಾನಿಸುವುದಿಲ್ಲ; ಅದು ಮನುಷ್ಯನ ಕೆಲಸ.

ಖಡ್ಗಗಳಲ್ಲಿಯೂ ಸನ್ಮಾನಕ್ಕೆಂದೇ ಮಾಡಿದ ಒಂದು ಜಾತಿಯಿದೆ. ಬಂಗಾರದ ಲೇಪ, ಅಲಂಕರಿಸಿದ ಒರೆ, ಅಲಗಿನ ಮೇಲೆ ಪಡೆದವನ ಹೆಸರು ಮತ್ತು ಅವನ ವಿಜಯದ ವಿವರ. ಲಂಡನ್ನಿನಲ್ಲಿ 1803ರಲ್ಲಿ ಸ್ಥಾಪನೆಯಾದ ಲಾಯ್ಡ್ಸ್ ದೇಶಭಕ್ತಿ ನಿಧಿಯು 30, 50 ಮತ್ತು 100 ಪೌಂಡ್ ಬೆಲೆಯ ಖಡ್ಗಗಳನ್ನು ಅಧಿಕಾರಿಗಳಿಗೆ ಅವರವರ ದರ್ಜೆಗೆ ತಕ್ಕಂತೆ ಕೊಡುತ್ತಿತ್ತು. ಶೌರ್ಯಕ್ಕೂ ದರಪಟ್ಟಿ! ನಾವು ನಗುವಂತಿಲ್ಲ. ದೇವಾಲಯಕ್ಕೆ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ತಿರುಗುವುದನ್ನು ಪೂಜೆಯ ನಡುವೆ ನೋಡುತ್ತಾ ಕುಳಿತವರು ನಾವು.

ಅಂತಹ ಖಡ್ಗವೊಂದರ ಒಡೆಯನ ಕಥೆ ನಮ್ಮ ಸೀಮೆಗೆ ಸಂಬಂಧಿಸಿದ್ದು. ತರೀಕೆರೆಗೆ ನೆರೆಯ ಚನ್ನಗಿರಿಯಲ್ಲಿ ಹುಟ್ಟಿದ ಧೊಂಡಿಯ ವಾಘನು ಹೈದರಾಲಿಯ ಸೈನ್ಯದಲ್ಲಿ ಕುದುರೆ ಸವಾರನಾಗಿದ್ದವನು; ಮುಂದೆ ಟಿಪ್ಪುವಿನ ಸೆರೆಯಾಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆ ಹೊಂದಿ, ದಂಡು ಕಟ್ಟಿ ಕಂಪನಿಯನ್ನು ಎದುರಿಸಿದನು. ಸಿಕ್ಕಲ್ಲಿ ಮೊದಲು ಕಂಡ ಮರಕ್ಕೆ ಅವನನ್ನು ನೇಣು ಹಾಕಬೇಕೆಂದು ಮದರಾಸಿನಿಂದ ಆಜ್ಞೆಯಾಯಿತು. ಬೆನ್ನಟ್ಟಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡವನು. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ ಎಂಬಲ್ಲಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಸುಮಾರು 5,000 ಸವಾರರ ಮೇಲೆ ತಾನೇ ಮುಂದಾಗಿ ನುಗ್ಗಿದನು. ಧೊಂಡಿಯ ಹತನಾದನು.

ಗುಡಾರಗಳ ಸರಂಜಾಮಿನ ನಡುವೆ ನಾಲ್ಕು ವರ್ಷದ ಬಾಲಕನೊಬ್ಬ ಸಿಕ್ಕಿದನು: ಸಲಾಬತ್ ಖಾನ್, ಧೊಂಡಿಯನ ಮಗ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತರಿಸಿ ಪೋಷಣೆಯ ಹೊಣೆ ಹೊತ್ತನು. 1805ರಲ್ಲಿ ಸ್ವದೇಶಕ್ಕೆ ಹೊರಟಾಗಲೂ ಅವನಿಗಾಗಿ ಶ್ರೀರಂಗಪಟ್ಟಣದ ಅಧಿಕಾರಿಯ ಬಳಿ ಹಣವಿಟ್ಟು ಹೋದನು.

1803ರ ಮರಾಠಾ ಯುದ್ಧದ ತರುವಾಯ ಕಲ್ಕತ್ತೆಯ ನಿವಾಸಿಗಳು ಇದೇ ವೆಲ್ಲೆಸ್ಲಿಗೆ 1,000 ಪೌಂಡ್ ಬೆಲೆಯ ಖಡ್ಗವನ್ನು ಅರ್ಪಿಸಲು ನಿರ್ಣಯಿಸಿದರು. ಅದು ಯುದ್ಧ ಗೆದ್ದುದಕ್ಕಾಗಿ. ಮಗುವನ್ನು ಎತ್ತಿಕೊಂಡುದಕ್ಕೆ ಯಾರೂ ಖಡ್ಗ ಕೊಡಲಿಲ್ಲ. ಕೊಡುವ ವಾಡಿಕೆಯೂ ಇಲ್ಲ. ಬಲಗೈಯ ದಾನ ಎಡಗೈಗೆ ತಿಳಿಯಬಾರದೆಂದು ಪ್ರಭು ಬೋಧಿಸಿದರಲ್ಲವೇ, ಇದೇ ಸರಿ ಎಂದು ನಾವು ಸಮಾಧಾನಪಡಬಹುದು.

ನನ್ನ ಮನಸ್ಸು ಅಷ್ಟಕ್ಕೆ ಒಪ್ಪುತ್ತಿಲ್ಲ. ಆ ಮಗುವನ್ನು ತಬ್ಬಲಿ ಮಾಡಿದ ಕೈಯೂ ಅದೇ. ಇನ್ನೊಂದು ಸಂಗತಿ: ಎರಡು ವರ್ಷಗಳೊಳಗೆ, 1802ರಲ್ಲಿ, ನಮ್ಮ ಪಕ್ಕದ ಮಲೆನಾಡಿನಲ್ಲೇ ಬಲಂ ಸೀಮೆಯ ಪಾಳೆಯಗಾರನನ್ನು ಸೆರೆಹಿಡಿದು ಗಲ್ಲಿಗೇರಿಸಿದವನೂ ಇದೇ ವೆಲ್ಲೆಸ್ಲಿ. ಬಾಲಕನ ಮೇಲಿನ ಕರುಣೆ ಅವನನ್ನು ಬೇರೆ ಮನುಷ್ಯನನ್ನಾಗಿ ಮಾಡಲಿಲ್ಲ. ಹಾಗೆಂದು ಆ ಕರುಣೆ ಸುಳ್ಳೇ? ಸುಳ್ಳೆನ್ನಲಾರೆ. ಐದು ವರ್ಷಗಳ ಅನಂತರವೂ ನೆನಪಿಟ್ಟು ಹಣವಿಡುವುದು ತೋರಿಕೆಯ ಲಕ್ಷಣವಲ್ಲ. ಆದರೆ ಅದು ಸಾಲ ತೀರಿಸಿತೆಂದು ಹೇಳುವ ಅಧಿಕಾರ ನಮಗಿಲ್ಲ, ವೆಲ್ಲೆಸ್ಲಿಗೂ ಇಲ್ಲ. ಇದ್ದರೆ ಅದು ಆ ಹುಡುಗನಿಗೆ.

ಗೆತ್ಸೆಮನಿ ತೋಪಿನಲ್ಲಿ ಪೇತ್ರನು ಕತ್ತಿ ಬೀಸಿ ಮಾಲ್ಕನ ಕಿವಿಯನ್ನು ಕತ್ತರಿಸಿದಾಗ ಅದನ್ನು ಮುಟ್ಟಿ ಗುಣಪಡಿಸಿದ ಕೈ ಬೇರೆ. ಅದು ಯಾರನ್ನೂ ಗಾಯಗೊಳಿಸದ, ಮರುದಿನ ತಾನೇ ಗಾಯಗೊಳ್ಳಲಿದ್ದ ಕೈ. ನಮಗಾದರೋ ಇರುವುದು ಪೇತ್ರನ ಕೈಗಳೇ. ಮನೆಯಲ್ಲಿ ಮಾತಿನಿಂದ ಇರಿದು, ಸಂಜೆ ಅದೇ ಕೈಯಿಂದ ಮಕ್ಕಳಿಗೆ ತಿಂಡಿ ತಂದು ಕೊಡುತ್ತೇವೆ. ತಿಂಡಿ ನಿಜ, ಇರಿತವೂ ನಿಜ.

ಸಲಾಬತ್ ಖಾನ್ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿದನು. 1822ರಲ್ಲಿ ಕಾಲರಾದಿಂದ ತೀರಿಕೊಂಡನು, ಮೂವತ್ತನ್ನೂ ಮುಟ್ಟದ ವಯಸ್ಸಿನಲ್ಲಿ. ತನ್ನನ್ನು ಸಲಹಿದವನ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಮೊದಲು ನೆನಪಾಗುತ್ತಿದ್ದುದು ಆ ಡೇರೆಯೋ, ತಂದೆಯೋ?