ಬ್ರಹ್ಮನು ಕೊಡದ ವರ

ತಪಸ್ಸಿಗೆ ಮೆಚ್ಚಿ ಪ್ರತ್ಯಕ್ಷನಾದ ಬ್ರಹ್ಮನು ಅಸುರರು ಬೇಡಿದುದನ್ನೆಲ್ಲ ಅನುಗ್ರಹಿಸಿ, ಅಮರತ್ವವೊಂದನ್ನು ಮಾತ್ರ ಕೊಡಲೊಲ್ಲದೆ ಹೋದುದನ್ನು ರಾವಣನ ಕಥೆಯಲ್ಲಿಯೂ ತಾರಕಾಸುರನ ಮೂವರು ಮಕ್ಕಳ ಕಥೆಯಲ್ಲಿಯೂ ಓದಿದಾಗಲೆಲ್ಲ, ಪಿತಾಮಹನ ಔದಾರ್ಯಕ್ಕೆ ಈ ಎಲ್ಲೆ ಏತಕ್ಕೆಂಬ ಸಂದೇಹ ನನ್ನನ್ನು ಕಾಡುತ್ತಿದ್ದಿತು. ಅದಕ್ಕೆ ಉತ್ತರದ ಸುಳಿವು ದೊರೆತುದು ಜೀವಕೋಶಗಳ ಕಥೆಯಲ್ಲಿ.

1961ರಲ್ಲಿ ಫಿಲಡೆಲ್ಫಿಯದ ವಿಸ್ಟಾರ್ ಸಂಸ್ಥೆಯ ಲೆನರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಎಂಬ ವಿಜ್ಞಾನಿಗಳು, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮಾನವಭ್ರೂಣದ ಜೀವಕೋಶಗಳು ಸುಮಾರು 50 ಬಾರಿ ಇಬ್ಬಗೆಯಾದ ತರುವಾಯ, ಪೋಷಣೆಗೆ ಯಾವ ಕೊರತೆಯಿಲ್ಲದಿದ್ದರೂ, ವಿಭಜನೆಯನ್ನು ತಾವಾಗಿಯೇ ನಿಲ್ಲಿಸುವುವೆಂದು ತೋರಿಸಿದರು. ನಡುವೆ ಹಿಮಗಟ್ಟಿಸಿ ಇರಿಸಿದ ಕೋಶಗಳು ಮತ್ತೆ ಕರಗಿದಾಗ ಎಣಿಕೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದುವಂತೆ. ಕೋಶದೊಳಗೆ ಜಪಸರವೊಂದಿರಬೇಕೆಂದು ಯಾರಿಗಾದರೂ ತೋರದಿರದು. ಆ ಸರವು ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಎಂಬ ಭಾಗವೆಂದು ಆಮೇಲೆ ತಿಳಿಯಿತು. ಪ್ರತಿ ವಿಭಜನೆಯಲ್ಲಿಯೂ ತಂತುವಿನ ಕೊನೆಯು ಪೂರ್ತಿಯಾಗಿ ನಕಲಾಗದೆ ತುಸು ಸವೆಯುತ್ತದೆ. ಸವೆದು ಬತ್ತಲಾದ ತುದಿಯು ಕೋಶಕ್ಕೆ ಮುರಿದ ತಂತುವಿನಂತೆ ತೋರಿ, ಪಿ53 ಎಂಬ ಪ್ರೋಟೀನು ಮೊದಲಾದ ಕಾವಲುಗಾರರು ವಿಭಜನೆಯನ್ನು ತಡೆಯುತ್ತಾರೆ. ಕೋಶವು ಆಗ ಸಾಯುವುದಿಲ್ಲ, ಸಂತಾನವನ್ನು ತೊರೆದು ವಾನಪ್ರಸ್ಥವನ್ನು ಕೈಕೊಳ್ಳುತ್ತದೆ. (ವಾನಪ್ರಸ್ಥರೆಲ್ಲರೂ ಶಾಂತರೆನ್ನಲಾಗದು, ಇವು ನೆರೆಯ ಅಂಗಾಂಶದಲ್ಲಿ ಉರಿಯೂತವನ್ನೆಬ್ಬಿಸುವುದೂ ಉಂಟು.)

ಇದನ್ನು ತ್ಯಾಗವೆಂದು ಕೊಂಡಾಡುವುದು ನನಗೆ ಸಮ್ಮತವಲ್ಲ, ಸಂಕಲ್ಪವಿಲ್ಲದೆಡೆಯಲ್ಲಿ ತ್ಯಾಗವೆಲ್ಲಿಯದು? ಆದರೆ ಮರಣವನ್ನು ಸೃಷ್ಟಿಯ ನ್ಯೂನತೆಯೆಂದೆಣಿಸುತ್ತಿದ್ದ ನನ್ನ ಬುದ್ಧಿಗೆ ಇಲ್ಲಿ ಪೆಟ್ಟು ಬಿದ್ದುದು ನಿಜ. ಏಕೆಂದರೆ ಸವೆದ ತುದಿಯನ್ನು ಮರಳಿ ಬೆಳೆಸಬಲ್ಲ ಟೆಲೊಮರೇಸ್ ಎಂಬ ಕಿಣ್ವವು ಪ್ರಕೃತಿಯ ಬೊಕ್ಕಸದಲ್ಲಿ ಇಲ್ಲದಿಲ್ಲ: ವಂಶವನ್ನು ಮುಂದೊಯ್ಯುವ ಬೀಜಕೋಶಗಳ ಮೂಲದಲ್ಲಿ ಅದು ಎಚ್ಚರವಾಗಿಯೇ ಇದ್ದು, ಶರೀರದ ಬಹುಪಾಲು ಕೋಶಗಳಲ್ಲಿ ಮಾತ್ರ ಮೌನವಾಗಿರುತ್ತದೆ. ಆ ಮೌನವನ್ನು ಮುರಿದು ಅದನ್ನು ಕದ್ದು ಬಳಸುವುದು ಕ್ಯಾನ್ಸರು. ಅರ್ಬುದಗಳಲ್ಲಿ ಶೇಕಡಾ 85ರಿಂದ 90ರಷ್ಟು ಈ ಕಿಣ್ವವನ್ನೇ ಆಶ್ರಯಿಸಿವೆ. ಅಂಗವು ಅಮರವಾಗಹೊರಟರೆ ಅಂಗಿಯು ಅಳಿಯುವುದಾದ ಮೇಲೆ, ಪಿತಾಮಹನ ನಿರಾಕರಣೆಯನ್ನು ಜಿಪುಣತನವೆನ್ನುವ ಧೈರ್ಯ ನನಗಿಲ್ಲ.

ಆದರೂ ಒಬ್ಬಳ ವಿಷಯದಲ್ಲಿ ನನ್ನ ಸಮಾಧಾನ ಕದಡುತ್ತದೆ. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಹೆಣ್ಣುಮಗಳ ಗರ್ಭಕಂಠದ ಅರ್ಬುದದಿಂದ, ಆಕೆಯ ಅನುಮತಿಯನ್ನು ಕೇಳದೆ, ಒಂದು ತುಣುಕನ್ನು ತೆಗೆದುಕೊಂಡರು. ಒಂದು ವೈರಾಣುವು ಪಿ53ರ ಕಾವಲನ್ನು ಕೆಡಿಸಿದ್ದ ಆ ಕೋಶಗಳು ಪಾತ್ರೆಯಲ್ಲಿ ಎಣಿಕೆಯಿಲ್ಲದೆ ಇಮ್ಮಡಿಸುತ್ತ ಹೋದುವು. ರಾವಣನು ಬೇಡಿಯೂ ಪಡೆಯದುದು ಬೇಡದಿದ್ದವಳ ಒಂದು ತುಣುಕಿಗೆ ದೊರೆತಿತ್ತು. ಆಕೆ ಅದೇ ವರ್ಷದ ಅಕ್ಟೋಬರಿನಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಐದು ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಕೋಶಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ವಿಭಜಿಸುತ್ತಿವೆ.