ಗೃಹಾಚರಣೆಯೂ ವಿದ್ಯಾರ್ಥಿಯ ಮನಃಸ್ವಾಸ್ಥ್ಯವೂ

ಸಂಸ್ಕಾರವು ಉಪದೇಶದಿಂದ ಬರುವುದಕ್ಕಿಂತ ಮಿಗಿಲಾಗಿ ಸಹವಾಸದಿಂದ ಬರುತ್ತದೆ. ಲಿಂಗವಂತರ ಮನೆಯ ಶಿಶುವಿಗೆ ಮಾತು ಬರುವ ಮುನ್ನವೇ ಲಿಂಗಧಾರಣೆಯಾಗುತ್ತದೆ. ತಾಯಿಯ ತೊಡೆಯ ಮೇಲೆ ಕುಳಿತು ಅದು ಅವಳ ಅಂಗೈಯ ಇಷ್ಟಲಿಂಗವನ್ನು ನೋಡುತ್ತದೆ; ವಿಭೂತಿಯ ತಂಪು, ಪತ್ರೆಯ ಹಸಿರು, ಮಂತ್ರದ ಮೆಲುದನಿ ಇವೆಲ್ಲ ಅರ್ಥ ತಿಳಿಯುವ ಮೊದಲೇ ಅದರ ಮನದಲ್ಲಿ ನೆಲೆಗೊಳ್ಳುತ್ತವೆ. ಪೂಜೆ ಮುಗಿಯದೆ ಒಲೆಯ ಮೇಲಿನ ಅಡಿಗೆ ಎಡೆಗೆ ಬಾರದು. ಮನೆಗೆ ಬಂದ ಜಂಗಮರ ಪ್ರಸಾದವಾಗದೆ ಮನೆಯವರು ಉಣ್ಣರು. ಶ್ರಾವಣ ಬಂದರೆ ಸಂಜೆಯ ಹೊತ್ತು ಎಲ್ಲರೂ ಮಠದ ಪುರಾಣಕ್ಕೆ ಹೊರಡುವರು. ಇಂತಹ ನಿಯತವಾದ ಲಯವುಳ್ಳ ಮನೆಯಿಂದ ಹದಿನೇಳು ಹದಿನೆಂಟರ ಮಗನೋ ಮಗಳೋ ಒಂದು ದಿನ ದೂರದ ಊರಿನ ಕಾಲೇಜಿಗೆ ಹೊರಡಬೇಕಾಗುತ್ತದೆ.

ಬೀದರಿನ ಕಡೆಯ ಹಳ್ಳಿಯಿಂದ ಬೆಂಗಳೂರಿನ ವಸತಿನಿಲಯಕ್ಕೆ ಬಂದ ಹುಡುಗನನ್ನು ನೆನೆಯಬಹುದು. ಒಂದು ಕೋಣೆಯಲ್ಲಿ ಮೂವರು; ಬೆಳಗಿನಲ್ಲಿ ಬಚ್ಚಲಮನೆಯ ಮುಂದೆ ಸಾಲು; ಎಂಟಕ್ಕೆ ತರಗತಿ. ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಕುಳಿತರೆ ಜೊತೆಯವರು ಏನೆಂದುಕೊಳ್ಳುವರೋ ಎಂಬ ಸಂಕೋಚ ಬೇರೆ. ಪೂಜೆಯು ಮೊದಲು ಐದು ನಿಮಿಷಕ್ಕೆ ಇಳಿಯುತ್ತದೆ, ಬಳಿಕ ಸೋಮವಾರಕ್ಕೆ ಸರಿಯುತ್ತದೆ, ಕಡೆಗೆ ಕರಡಿಗೆಯು ಪೆಟ್ಟಿಗೆಯ ತಳ ಸೇರುತ್ತದೆ. ರಾತ್ರಿ ಅವ್ವ ಫೋನಿನಲ್ಲಿ "ಪೂಜಿ ಆತೇನಪಾ?" ಎಂದು ಕೇಳುತ್ತಾಳೆ. "ಆತವ್ವಾ" ಎಂದು ಮಗ ಉತ್ತರಿಸುತ್ತಾನೆ.

ಜಿಜ್ಞಾಸೆಯು ಹುಟ್ಟುವುದು ಇಲ್ಲಿಯೇ. ಪೂಜೆ ತಪ್ಪಿದ್ದು ಹೆಚ್ಚಿನ ಹಾನಿಯೋ, ಹುಸಿ ನುಡಿದದ್ದು ಹೆಚ್ಚಿನ ಹಾನಿಯೋ? ಪೂಜೆ ತಪ್ಪಿದರೆ ನಾಳೆ ಮಾಡಬಹುದು. ಆದರೆ ಅವ್ವನೊಡನೆ ದಿನಕ್ಕೊಂದು ಸುಳ್ಳಾಡಿದವನಿಗೆ, ಪರೀಕ್ಷೆಯಲ್ಲಿ ಸೋತ ದಿನ, ಊಟ ಸೇರದ ದಿನ, ಯಾರೊಡನೆಯೂ ಮಾತು ಬೇಡವೆನಿಸಿದ ದಿನ ಅದೇ ಅವ್ವನೊಡನೆ ನಿಜವಾಡುವ ಬಾಯಿ ಇರುವುದಿಲ್ಲ. ಆಸರೆಯಾಗಬೇಕಿದ್ದ ಆಚರಣೆಯೇ ಮಗನಿಗೂ ಮನೆಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ.

ಮನೆಯ ಆಚರಣೆಗಳಿಗೂ ಮಕ್ಕಳ ಮನಸ್ಸಿಗೂ ಇರುವ ಸಂಬಂಧವನ್ನು ಪಾಶ್ಚಾತ್ಯ ವಿದ್ವಾಂಸರೂ ಬಹುಕಾಲದಿಂದ ಪರಿಶೀಲಿಸುತ್ತ ಬಂದಿದ್ದಾರೆ. ಅಮೆರಿಕದ ಬಾಸರ್ಡ್ ಮತ್ತು ಬೋಲ್ ಎಂಬಿಬ್ಬರು ಕುಟುಂಬದ ಆಚರಣೆಗಳನ್ನು ಕುರಿತೇ 1950ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ವೋಲಿನ್, ಬೆನೆಟ್ ಮೊದಲಾದವರು 1980ರಲ್ಲಿ ಪ್ರಕಟಿಸಿದ ಅಧ್ಯಯನವು ಮದ್ಯಪಾನದ ಮನೆಗಳನ್ನು ಕುರಿತದ್ದು: ಕುಡಿತದ ನಡುವೆಯೂ ಸಹಭೋಜನ, ಹಬ್ಬ ಮುಂತಾದವು ಕೆಡದೆ ಉಳಿದ ಮನೆಗಳಲ್ಲಿ ಆ ಚಟವು ಮಕ್ಕಳಿಗೆ ಇಳಿದದ್ದು ಕಡಿಮೆ. ಬಾರ್ಬರಾ ಫೀಸೆ ಎಂಬಾಕೆ 1992ರಲ್ಲಿ ತರುಣ ವಿದ್ಯಾರ್ಥಿಗಳನ್ನೂ ಅವರ ತಾಯ್ತಂದೆಗಳನ್ನೂ ವಿಚಾರಿಸಿ, ಆಚರಣೆಯ ರೂಢಿ ಬೇರೆ, ಅದರ ಅರ್ಥ ಬೇರೆ ಎಂದು ವಿಂಗಡಿಸಿದಳು. ಮನೆಯ ಆಚರಣೆಯಲ್ಲಿ ಅರ್ಥವನ್ನು ಕಂಡ ತರುಣರಿಗೆ ತಾವು ಯಾರೆಂಬ ಅರಿವು ಹೆಚ್ಚು ದೃಢವಾಗಿತ್ತೆಂದು ತಿಳಿದುಬಂದಿತು. ಇಂತಹ ಅಧ್ಯಯನಗಳನ್ನು ಅತಿಯಾಗಿ ನಂಬಲೂ ಬಾರದು. ಒಲವಿರುವ ಮನೆಯಲ್ಲಿಯೇ ಆಚರಣೆಯೂ ನಿಲ್ಲುವುದರಿಂದ, ಮಕ್ಕಳನ್ನು ಕಾಯ್ದದ್ದು ಒಲವೋ ಆಚರಣೆಯೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೂ ಅರಿವಿಲ್ಲದ ಕ್ರಿಯೆಯನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಒಪ್ಪಿರಲಿಲ್ಲವೆಂಬುದನ್ನು ಬಲ್ಲವರಿಗೆ ಈ ವಿಂಗಡಣೆಯು ಹೊಸದೆನಿಸದು.

ಬಸವಣ್ಣನವರ ಬಾಲ್ಯವೇ ಇದಕ್ಕೆ ನಿದರ್ಶನ. ಹರಿಹರನ ರಗಳೆಯಲ್ಲಿ ಅವರು ಜನಿವಾರವನ್ನು ಹರಿದೊಗೆದು ಕಪ್ಪಡಿಸಂಗಮಕ್ಕೆ ನಡೆಯುತ್ತಾರೆ. 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣದಲ್ಲಿ ಉಪನಯನವನ್ನೇ ಒಲ್ಲೆನೆನ್ನುತ್ತಾರೆ. ಕಥೆಯ ವಿವರ ಬೇರೆಯಾದರೂ ತಾತ್ಪರ್ಯವೊಂದೇ: ಮನೆಯವರು ಮಾಡಿಸಿದರೆಂಬ ಒಂದೇ ಕಾರಣಕ್ಕೆ ಅವರು ಸಂಸ್ಕಾರವನ್ನು ಹೊರಲಿಲ್ಲ. ಮನೆತನದ ಆಚರಣೆಯನ್ನು ವಿದ್ಯಾರ್ಥಿಯ ವಯಸ್ಸಿನಲ್ಲಿ ಪ್ರಶ್ನಿಸಿ ಹೊರಟವರನ್ನು ಧರ್ಮಗುರುವೆಂದು ಒಪ್ಪಿದ ಮನೆಗಳಲ್ಲಿ, ಮಗನು "ಇದೇಕೆ ಮಾಡಬೇಕು?" ಎಂದು ಕೇಳಿದರೆ ಕಣ್ಣು ಕೆಂಪಾಗುವುದು ವಿಚಿತ್ರವೇ ಸರಿ. ಮಗಳ ಪ್ರಶ್ನೆಯಾದರೋ ಇನ್ನೂ ತೀಕ್ಷ್ಣ. ಶರಣರು ಪಂಚಸೂತಕಗಳನ್ನು ಅಲ್ಲಗಳೆದರೆಂದು ಪ್ರವಚನದಲ್ಲಿ ಕೇಳಿದವಳಿಗೆ ತಿಂಗಳಿನ ಆ ದಿನಗಳಲ್ಲಿ "ಲಿಂಗ ಮುಟ್ಟಬೇಡ" ಎಂದು ಮನೆಯಲ್ಲಿಯೇ ಹೇಳಿದರೆ, ಅವಳು ಯಾವುದನ್ನು ನಂಬಬೇಕು?

ಇಷ್ಟಲಿಂಗದ ಪೂಜೆಗೆ ಗುಡಿ ಬೇಡ, ಪೂಜಾರಿ ಬೇಡ, ಪ್ರತ್ಯೇಕವಾದ ಕೋಣೆಯೂ ಬೇಡ. ಮನೆ ಬಿಟ್ಟು ಹೊರಟವನ ಎದೆಯ ಮೇಲೆಯೇ ಇದ್ದು ಜೊತೆಗೆ ಬರುವ ಪೂಜೆಯಿದು. ವಸತಿನಿಲಯದ ಮಂಚದ ಮೇಲೆ ಕುಳಿತೂ ನಡೆಯಬಲ್ಲದು. ಹೀಗಿದ್ದೂ ಅದೇಕೆ ಪೆಟ್ಟಿಗೆಯ ತಳ ಸೇರುತ್ತದೆ? ಎಷ್ಟೋ ಮನೆಗಳಲ್ಲಿ ಮಗನು ಪೂಜೆಯನ್ನು ನೋಡಿರುತ್ತಾನೆ, ಮಾಡಿರುವುದಿಲ್ಲ. ಅಪ್ಪ ಪೂಜೆಗೆ ಕುಳಿತಾಗ ಸದ್ದು ಮಾಡಬಾರದೆಂಬುದಷ್ಟೇ ಅವನಿಗೆ ಬಂದ ಪಾಠ. ಅಂಗೈಯ ಮೇಲೆ ದೃಷ್ಟಿಯಿಟ್ಟು ಮನಸ್ಸನ್ನು ಒಂದೆಡೆ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ಅವನು ತಾನಾಗಿ ಕಂಡಿರುವುದಿಲ್ಲ. ಕಂಡವನಿಗಾದರೆ ಪರೀಕ್ಷೆಯ ಹಿಂದಿನ ರಾತ್ರಿ ಅದರ ನೆನಪು ತಾನೇ ಬರುತ್ತದೆ.

ಪರೀಕ್ಷೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಅಂಕಗಳಿಗಾಗಿ ಹರಕೆ ಹೊರುವ ಅಭ್ಯಾಸ ಶಿವಭಕ್ತರ ಮನೆಗಳಲ್ಲಿಯೂ ಬೇರೂರಿದೆ. ಇದು ವ್ಯಾಪಾರ. ಫಲ ಬಾರದಿದ್ದಾಗ ಹುಡುಗನಿಗೆ ಎರಡು ಪೆಟ್ಟು: ಪರೀಕ್ಷೆಯೂ ಹೋಯಿತು, ದೇವರೂ ಕೈಬಿಟ್ಟನೆಂಬ ಭಾವನೆ.

ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ವಿದ್ಯಾರ್ಥಿಗಳು ಸಂಜೆ ಒಟ್ಟಾಗಿ ಕುಳಿತು ಪ್ರಾರ್ಥಿಸುವ ಪದ್ಧತಿಯಿದೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ನಾನಾ ಜಾತಿಮತಗಳ ಮಕ್ಕಳಿಗೆ ಅನ್ನ, ಅಕ್ಷರಗಳೊಡನೆ ಇದನ್ನೂ ನೀಡಿದರು. ಮನೆಯಿಂದ ದೂರವಾದ ಮಗುವಿಗೆ ಅದು ಎರಡನೆಯ ಮನೆಯ ಲಯ. ನಗರದ ವಸತಿನಿಲಯದಲ್ಲಿ ಅಂತಹ ಸಾಲು ದೊರೆಯದು. ಆದರೆ ಸಮಾನಮನಸ್ಕರಾದ ನಾಲ್ವರು ವಾರಕ್ಕೊಮ್ಮೆ ಕೂಡಿ ಕುಳಿತು, ಕೂಡಿ ಉಂಡರೆ ಕೊರತೆ ಅಷ್ಟು ಕಾಡದು.

ಪೂಜೆಯನ್ನು ಔಷಧವೆಂದು ಭ್ರಮಿಸಬಾರದು. ವಾರಗಟ್ಟಲೆ ನಿದ್ರೆ ಬಾರದೆ, ಬದುಕೇ ಬೇಡವೆನಿಸುವಷ್ಟು ದುಗುಡವಾದರೆ ಅದು ರೋಗ, ಭಕ್ತಿಯ ಕೊರತೆಯಲ್ಲ. ವಿಷಮಜ್ವರ ಬಂದ ಮಗನನ್ನು ವೈದ್ಯರಲ್ಲಿಗೆ ಕರೆದೊಯ್ಯುವಂತೆ ಇಲ್ಲಿಯೂ ಕರೆದೊಯ್ಯಬೇಕು. ಇದಕ್ಕಾಗಿ ಕೇಂದ್ರ ಸರಕಾರವು 2022ರಲ್ಲಿ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದೆ. ಅದರ ಸಂಖ್ಯೆ 14416. ಮನೆಯ ಪಂಚಾಂಗದ ಬದಿಯಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು.

ಅವ್ವನು ರಾತ್ರಿಯ ಪ್ರಶ್ನೆಯನ್ನು ತುಸು ಬದಲಿಸಿ ನೋಡಬಹುದು. "ಪೂಜಿ ಆತೇನಪಾ?" ಎನ್ನುವ ಬದಲು "ಹ್ಯಾಂಗದಿಯಪಾ, ಉಂಡೇನು?" ಎಂದು ಕೇಳಿ, ಸುಮ್ಮನೆ ಕಾಯಬಹುದು. ಎರಡು ವಾರವೋ ಎರಡು ತಿಂಗಳೋ ಕಳೆದ ಮೇಲೆ ಮಗನೇ "ಅವ್ವಾ, ಪೂಜಿ ಬಿಟ್ಟು ಭಾಳ ದಿನಾ ಆತು" ಎಂದಾನು. ಆಗ ಅವಳು ಅಳದೆ, ಬೈಯದೆ, "ದೀಪಾವಳಿಗೆ ಬಾ, ಇಬ್ಬರೂ ಕೂಡೇ ಕುಂದರೂಣು" ಎಂದರೆ ಸಾಕು.