ಗುಡಾರದ ಬಾಗಿಲಲ್ಲಿ ನಿಂತ ಐದು ಮಂದಿ ಅಕ್ಕತಂಗಿಯರು

ವಾಕ್ಯಭಾಗ: ಅರಣ್ಯಕಾಂಡ 27:1–11



ನಾನು ಬೈಬಲ್ ಕಾಲೇಜಿನಲ್ಲಿ ಮೊದಲ ಸಲ ಪ್ರಸಂಗ ಮಾಡಿದ ದಿನ ಇನ್ನೂ ನೆನಪಿದೆ. ಆಗ ನನಗೆ ಒಬ್ಬ ದೊಡ್ಡ ಪ್ರಸಂಗಿ ಅಂದ್ರೆ ಬಹಳ ಇಷ್ಟ. ಅವರ ಹಾಗೇ ಗಂಟಲು ಗಡಸು ಮಾಡಿಕೊಂಡು ಕೂಗಿದೆ. ಅವರು ಮಧ್ಯೆ ಮಧ್ಯೆ ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ತಿದ್ರು. ನಾನೂ ಒರೆಸಿಕೊಂಡೆ, ಬೆವರೇ ಬಂದಿರಲಿಲ್ಲ! ಊರಿಂದ ಬಂದಿದ್ದ ಅಮ್ಮ ಆರಾಧನೆ ಮುಗಿದ ಮೇಲೆ ಹೇಳಿದ್ರು: "ಎಲ್ಲಾ ಚೆನ್ನಾಗಿತ್ತು ಮಗಾ. ಆದ್ರೆ ಅಲ್ಲಿ ಮಾತಾಡಿದ್ದು ಯಾರು?"

ಆ ಪ್ರಶ್ನೆಯನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ. ಮಾತಾಡ್ತಿರೋದು ಯಾರು? ಇನ್‌ಸ್ಟಾಗ್ರಾಮಿನಲ್ಲಿ ಒಂದು ಧ್ವನಿ, ಆಫೀಸಿನಲ್ಲಿ ಒಂದು ಧ್ವನಿ, ಮನೆಯಲ್ಲಿ ಒಂದು ಧ್ವನಿ, ಸಭೆಯಲ್ಲಿ ಇನ್ನೊಂದು. ಇದರಲ್ಲಿ ದೇವರು ನಿನಗೆ ಕೊಟ್ಟ ಧ್ವನಿ ಯಾವುದು?

ಬೈಬಲ್ ತೆರೆಯೋಣ. ಅರಣ್ಯಕಾಂಡ 26ನೇ ಅಧ್ಯಾಯದಲ್ಲಿ ಜನಗಣತಿ ನಡೆಯುತ್ತದೆ. ಇಪ್ಪತ್ತು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಗಂಡಸರನ್ನು ಎಣಿಸಿದರು, ಒಟ್ಟು 6,01,730 ಮಂದಿ. ಈ ಲೆಕ್ಕದ ಪ್ರಕಾರವೇ ಕಾನಾನ್ ದೇಶದ ಭೂಮಿಯನ್ನು ಹಂಚಬೇಕು ಎಂದು ದೇವರು ಹೇಳಿದನು. ಆ ಲೆಕ್ಕದಲ್ಲಿ ಇಲ್ಲದವರು ಐದು ಮಂದಿ ಅಕ್ಕತಂಗಿಯರು. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅವರ ತಂದೆ ಚಲ್ಪಹಾದ ಅರಣ್ಯದಲ್ಲೇ ತೀರಿಹೋಗಿದ್ದಾನೆ. ಅಣ್ಣತಮ್ಮಂದಿರು ಇಲ್ಲ. ಅಂದ್ರೆ ಭೂಮಿ ಇಲ್ಲ, ತಂದೆಯ ಹೆಸರೂ ಉಳಿಯುವುದಿಲ್ಲ.

ಇವರ ಮುಂದೆ ಇದ್ದ ಸುಲಭದ ದಾರಿ ಯಾವುದು ಹೇಳಿ? ಗುಣುಗುಟ್ಟುವುದು! ಇಸ್ರಾಯೇಲ್ಯರಿಗೆ ಅದು ಚೆನ್ನಾಗಿ ಅಭ್ಯಾಸ ಆಗಿತ್ತು. ನೀರಿಲ್ಲ ಅಂತ ಗುಣುಗುಟ್ಟಿದರು, ಮಾಂಸ ಇಲ್ಲ ಅಂತ ಗುಣುಗುಟ್ಟಿದರು. ಧರ್ಮೋಪದೇಶಕಾಂಡ 1:27 ನೋಡಿದರೆ, ತಮ್ಮ ತಮ್ಮ ಡೇರೆಗಳೊಳಗೆ ಕೂತು ಗುಣುಗುಟ್ಟಿದರು ಅಂತ ಇದೆ. ಇವತ್ತಿನ ಡೇರೆ ಯಾವುದು? ವಾಟ್ಸಾಪ್ ಗ್ರೂಪ್! ಮ್ಯಾನೇಜರ್ ಇಲ್ಲದ ಗ್ರೂಪ್ ಒಂದು, ಪಾಸ್ಟರ್ ಇಲ್ಲದ ಗ್ರೂಪ್ ಇನ್ನೊಂದು. ನಗಬೇಡಿ, ಇದೆ ಅಂತ ನನಗೆ ಗೊತ್ತು.

ಪ್ರಿಯರೇ, ಗುಣುಗುಟ್ಟುವುದು ಧ್ವನಿ ಅಲ್ಲ. ಅದಕ್ಕೆ ಧೈರ್ಯ ಬೇಡ, ಅದರಿಂದ ಯಾರಿಗೂ ನ್ಯಾಯ ಸಿಗಲ್ಲ.

ಈ ಐದು ಮಂದಿ ಏನು ಮಾಡಿದರು? ದೇವದರ್ಶನದ ಗುಡಾರದ ಬಾಗಿಲಿಗೇ ಬಂದರು. ಮೋಶೆ, ಯಾಜಕನಾದ ಎಲ್ಲಾಜಾರ, ಕುಲಾಧಿಪತಿಗಳು, ಇಡೀ ಸಭೆ, ಎಲ್ಲರೂ ನೋಡುತ್ತಿದ್ದಾಗ ನಿಂತು ಮಾತಾಡಿದರು. ಏನು ಮಾತಾಡಿದರು ಅನ್ನುವುದನ್ನೂ ಗಮನಿಸಿ. ನಮ್ಮಪ್ಪ ದೇವದೂತನ ಹಾಗಿದ್ದ ಅಂತ ಹೇಳಲಿಲ್ಲ. ಆತ ಕೋರಹನ ಗುಂಪಿನಲ್ಲಿ ಇರಲಿಲ್ಲ, ಆದರೆ ತನ್ನ ಪಾಪದ ದೆಸೆಯಿಂದಲೇ ಸತ್ತ ಅಂತ ಒಪ್ಪಿಕೊಂಡರು. ಉಪ್ಪು ಖಾರ ಸೇರಿಸಲಿಲ್ಲ, ಮುಚ್ಚಿಡಲೂ ಇಲ್ಲ. ಆಮೇಲೆ ನೇರವಾಗಿ ಕೇಳಿದರು: ಗಂಡುಮಕ್ಕಳಿಲ್ಲ ಅನ್ನುವ ಕಾರಣಕ್ಕೆ ತಂದೆಯ ಹೆಸರು ಯಾಕೆ ಅಳಿಯಬೇಕು? ನಮಗೂ ಪಾಲು ಕೊಡಿ.

ನಿನ್ನ ನಿಜವಾದ ಧ್ವನಿ ಅಂದ್ರೆ ಇದು. ಸತ್ಯವನ್ನು, ಸರಿಯಾದ ಜಾಗದಲ್ಲಿ, ಕೇಳಬೇಕಾದವರ ಮುಂದೆ ಹೇಳುವುದು. ಸ್ಟೈಲ್ ಆಮೇಲೆ. ಇಂಗ್ಲಿಷ್ ಬರುತ್ತೋ ಇಲ್ಲವೋ, ಗಂಟಲು ದೊಡ್ಡದೋ ಸಣ್ಣದೋ, ಅದೂ ಆಮೇಲೆ.

ಈಗ ಮೋಶೆಯನ್ನು ನೋಡಿ. ವಿಮೋಚನಕಾಂಡ 4:10–13ರಲ್ಲಿ ಇದೇ ಮೋಶೆ, ನನಗೆ ಮಾತು ಬರಲ್ಲ ಕರ್ತನೇ, ನನ್ನ ನಾಲಿಗೆ ಮಂದ, ಬೇರೆ ಯಾರನ್ನಾದರೂ ಕಳಿಸು ಅಂತ ಬೇಡಿಕೊಂಡವನು. ಅದೇ ಮೋಶೆ ಇಲ್ಲಿ ಐದು ಹೆಣ್ಣುಮಕ್ಕಳ ಮಾತನ್ನು ಯೆಹೋವನ ಸನ್ನಿಧಿಗೆ ಹೊತ್ತುಕೊಂಡು ಹೋಗುತ್ತಾನೆ. ಹಲ್ಲೆಲೂಯಾ! ಯೆಹೋವನು ಏನು ಹೇಳಿದನು? ಅವರು ಕೇಳಿದ್ದು ನ್ಯಾಯವಾಗಿಯೇ ಇದೆ ಅಂದನು. ಅವರಿಗೆ ಪಾಲು ಕೊಡಲು ಹೇಳಿದ್ದು ಮಾತ್ರವಲ್ಲ, ಅದನ್ನು ಇಡೀ ಇಸ್ರಾಯೇಲಿಗೆ ನಿಯಮವಾಗಿ ಮಾಡಿದನು.

ಇದು ಹಳೇ ಕಾಲದ ಕಥೆ ಅನ್ನಬೇಡಿ. ನಮ್ಮ ಪಕ್ಕದ ಕೇರಳದಲ್ಲಿ, ಕ್ರೈಸ್ತ ಮನೆಗಳಲ್ಲೇ, 1916ರ ತಿರುವಾಂಕೂರು ಕಾನೂನು ನಡೆಯುತ್ತಿತ್ತು. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕೊಟ್ಟಾಯಂನಲ್ಲಿ ಶಾಲೆ ನಡೆಸುತ್ತಿದ್ದ ಮೇರಿ ರಾಯ್ ಎಂಬ ತಾಯಿ ಸುಪ್ರೀಂ ಕೋರ್ಟಿನ ಬಾಗಿಲಲ್ಲಿ ನಿಂತರು. ಸ್ವಂತ ಸಮುದಾಯದಲ್ಲೇ ವಿರೋಧ ಬಂತು. 1986ರಲ್ಲಿ ಕೋರ್ಟು ಆ ಹಳೇ ಕಾನೂನು ನಡೆಯಲ್ಲ, ಮಗಳಿಗೂ ಸಮಪಾಲು ಅಂತ ತೀರ್ಪು ಕೊಟ್ಟಿತು. ಚಲ್ಪಹಾದನ ಹೆಣ್ಣುಮಕ್ಕಳ ಅಧ್ಯಾಯ ಅವರ ಮನೆಗಳ ಬೈಬಲಿನಲ್ಲಿ ಅಷ್ಟು ವರ್ಷವೂ ಇತ್ತು. ಓದುವವರು ಇದ್ದರು, ಎದ್ದು ನಿಲ್ಲುವವರು ಬೇಕಾಗಿದ್ದರು.

ಈಗ ನನ್ನ ಸಾಕ್ಷಿ ಹೇಳ್ತೀನಿ. ಇದು ಜಯದ ಸಾಕ್ಷಿ ಅಲ್ಲ. ಕೆಲವು ವರ್ಷಗಳ ಹಿಂದೆ ನಾನು ಒಂದು ಆಫೀಸಿನಲ್ಲಿ ಕೆಲಸ ಮಾಡ್ತಿದ್ದೆ. ನಮ್ಮ ಫ್ಲೋರಿನಲ್ಲಿ ಒಂದು ಲ್ಯಾಪ್‌ಟಾಪ್ ಚಾರ್ಜರ್ ಕಾಣೆಯಾಯಿತು. ಹೌಸ್‌ಕೀಪಿಂಗ್ ಅಕ್ಕನ ಮೇಲೆ ಹಾಕಿದರು, ಸಂಬಳದಲ್ಲಿ ಹಿಡಿದುಕೊಂಡರು. ಆ ಚಾರ್ಜರನ್ನು ನಮ್ಮ ಟೀಮಿನವನೊಬ್ಬ ಊರಿಗೆ ತೆಗೆದುಕೊಂಡು ಹೋಗಿದ್ದ ಅಂತ ನಮ್ಮಲ್ಲಿ ಮೂರು ಜನಕ್ಕೆ ಗೊತ್ತಿತ್ತು. ನಾವು ಏನು ಮಾಡಿದೆವು? ಗ್ರೂಪಿನಲ್ಲಿ "ಪಾಪ" ಅಂತ ಹಾಕಿದೆವು. ಅದು ಅಪ್ರೈಸಲ್ ತಿಂಗಳು. ಆ ಭಾನುವಾರ ನಾನು ಸಭೆಯಲ್ಲಿ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದೆ. ಸೋಮವಾರ ನನ್ನ ತಾಯ್ನುಡಿಯಲ್ಲಿ ಒಂದು ವಾಕ್ಯ ಹೇಳೋಕೆ ಆಗಲಿಲ್ಲ.

ಎರಡು ವಾರ ಬಿಟ್ಟು ದೇವರು ನನ್ನನ್ನು ಬಿಡದೆ ಕಾಡಿದಾಗ ಹೋಗಿ ನಿಜ ಹೇಳಿದೆ. ಅಷ್ಟೊತ್ತಿಗೆ ಅಕ್ಕ ಕೆಲಸ ಬಿಟ್ಟಿದ್ದರು. ನಂಬರ್ ಹುಡುಕಿ ಫೋನ್ ಮಾಡಿ, ಹಿಡಿದುಕೊಂಡಿದ್ದ ದುಡ್ಡು ಕಳಿಸ್ತೀನಿ ಅಂದೆ. ಅವರು ಬೇಡ ಅನ್ನಲಿಲ್ಲ, ಅವರಿಗೆ ಬೇಕಿತ್ತು. ಆದ್ರೆ ಹೇಳಿದ್ರು: "ಸರ್, ನನ್ನ ಮಗಳ ಮುಂದೆ ನನ್ನನ್ನ ಕಳ್ಳಿ ಅಂದ್ರು. ಅವತ್ತೇ ನೀವು ಹೇಳಬೇಕಿತ್ತು." ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಕರ್ತನು ನನ್ನನ್ನು ಕ್ಷಮಿಸಿದ್ದಾನೆ ಅಂತ ನಂಬ್ತೀನಿ. ಆದರೆ ಆ ಎರಡು ವಾರ ಆಕೆಗೆ ವಾಪಸ್ ಬರಲ್ಲ.

ಜ್ಞಾನೋಕ್ತಿಗಳು 31:8 ನಮಗೆ ಬಾಯಿ ಯಾಕಿದೆ ಅಂತ ಕಲಿಸುತ್ತದೆ, ಬಾಯಿಲ್ಲದವರ ಪರವಾಗಿ ತೆರೆಯುವುದಕ್ಕೆ. ಅಪೊಸ್ತಲರ ಕೃತ್ಯಗಳು 4:31ರಲ್ಲಿ ವಿಶ್ವಾಸಿಗಳು ಪವಿತ್ರಾತ್ಮಭರಿತರಾಗಿ ದೇವರ ವಾಕ್ಯವನ್ನು ಧೈರ್ಯದಿಂದ ಹೇಳಿದರು. ನಾವು ಪೆಂಟೆಕೋಸ್ಟ್ ಜನ. ಬೆಂಕಿಯ ನಾಲಿಗೆಗಳನ್ನು ನಂಬುವವರು. ಆ ಬೆಂಕಿ ಈ ಹಾಲಿನ ಬಾಗಿಲಲ್ಲೇ ಆರಿಹೋಗಬಾರದು.

ಈ ವಾರಕ್ಕೆ ಮೂರು ಮಾತು. ಒಂದು, ಯಾವ ವಿಷಯದಲ್ಲಿ ನೀನು ಡೇರೆಯೊಳಗೆ ಗುಣುಗುಟ್ಟುತ್ತಿದ್ದೀಯೋ, ಅದಕ್ಕೆ ಬಾಗಿಲು ಯಾವುದು ಅಂತ ಕಂಡುಕೋ. ಎಚ್‌ಆರ್ ಇರಬಹುದು, ಅಪ್ಪ ಇರಬಹುದು, ಪಿಜಿ ಓನರ್ ಇರಬಹುದು. ಎರಡು, ಹೋಗುವ ಮುಂಚೆ ಪ್ರಾರ್ಥಿಸು, ನಿನ್ನ ತಪ್ಪಿದ್ದರೆ ಅದನ್ನೂ ಸೇರಿಸಿ ಹೇಳು. ಮೂರು, ಒಂದೇ ಸಲಕ್ಕೆ ಆಗದಿದ್ದರೆ ಬಿಡಬೇಡ. ಯೆಹೋಶುವ 17:4 ಓದಿ. ಮೋಶೆ ತೀರಿಹೋದ ಮೇಲೆ, ಭೂಮಿ ಹಂಚುವ ದಿನ, ಆ ಹೆಣ್ಣುಮಕ್ಕಳು ಮತ್ತೆ ಬಂದು ದೇವರ ಅಪ್ಪಣೆಯನ್ನು ನೆನಪಿಸಬೇಕಾಯಿತು. ನೆನಪಿಸಿದರು, ಪಡೆದುಕೊಂಡರು.

ಇನ್ನೊಂದು ಮಾತು ನಮಗೆ, ಅಂದ್ರೆ ಮೈಕ್ ಹಿಡಿದವರಿಗೆ. ಈ ಸಭೆಯಲ್ಲಿ ಯಾವ ತಂಗಿಗಾದರೂ, ತಮ್ಮನಿಗಾದರೂ ಅನ್ಯಾಯ ಆಗಿದ್ದರೆ, ನನ್ನ ವಿರುದ್ಧವೇ ಹೇಳಬೇಕಾಗಿದ್ದರೂ, ಹಿರಿಯರ ಹತ್ತಿರ ಬನ್ನಿ. "ಸುಮ್ಮನೆ ಪ್ರಾರ್ಥನೆ ಮಾಡಮ್ಮ" ಅಂತ ವಾಪಸ್ ಕಳಿಸಲ್ಲ. ಮೋಶೆ ಕಳಿಸಲಿಲ್ಲ.

ಎದ್ದು ನಿಲ್ಲೋಣ. ಕರ್ತನೇ, ಬೇರೆಯವರ ಧ್ವನಿಯನ್ನು ನಕಲು ಮಾಡಿದ್ದಕ್ಕೆ ಕ್ಷಮಿಸು. ಮಾತಾಡಬೇಕಾದಲ್ಲಿ ಸುಮ್ಮನಿದ್ದಿದ್ದಕ್ಕೆ ಕ್ಷಮಿಸು. ಸೋಮವಾರ ಬೆಳಿಗ್ಗೆ ಹೇಳಬೇಕಾದ ಆ ಒಂದು ಮಾತನ್ನು ನಮ್ಮ ಬಾಯಲ್ಲಿ ಇಡು, ಹೇಳುವ ಧೈರ್ಯವನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.